ನಾಲ್ಕು ಬೆರಳು ನೀರು

ಇಂಡಿ ಪಟ್ಟಣದ ಬಸ್ ನಿಲ್ದಾಣದ ಹಿಂದೆ, ಮುಚ್ಚಿಹೋದ ಅರಳೆ ಮಿಲ್ಲಿನ ಅಂಗಳದಲ್ಲಿ, ಬೆಳಗಿನ ಆರೂವರೆಗೆ ಮೂವತ್ತೆಂಟು ಟೆಂಪೋಗಳು ಸಾಲು ಹಿಡಿದು ನಿಂತಿರುತ್ತಿದ್ದವು. ಒಂದರಲ್ಲೂ ತೊಟ್ಟು ಡೀಸೆಲ್ ಇಲ್ಲ. ನೀರು ಕುಡಿದು, ಬಿಸಿಲು ತಿಂದು ಓಡುವ ಗಾಡಿಗಳು ಅವು. ಚಾಲಕರು ಚಹಾ ಕುಡಿಯುತ್ತ ಹರಟೆ ಹೊಡೆಯುತ್ತಿದ್ದರೂ ಎಲ್ಲರ ಕಣ್ಣು ಒಬ್ಬಳ ಮೇಲೆಯೇ. ಬೌರಮ್ಮ ಬಂದು ಬುಡ್ಡಿ ಮುಟ್ಟದ ಹೊರತು ಒಂದು ಗಾಡಿಯೂ ಗೇಟು ದಾಟುವಂತಿರಲಿಲ್ಲ.

ಈ ಬುಡ್ಡಿ ಎಂದರೇನು ಎಂಬುದನ್ನು ಮೊದಲೇ ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನದೆಲ್ಲ ಗೋಜಲಾದೀತು. ಇದೇ ಊರಿನ ಫರ್ಜಾನಾ ಮುಲ್ಲಾ ಎಂಬ ಹುಡುಗಿ ಪುಣೆಯಲ್ಲಿ ಓದಿ, ಅಲ್ಲೇ ಪ್ರಯೋಗಾಲಯದಲ್ಲಿ ಆರು ವರ್ಷ ದುಡಿದು, ಹಪ್ಪಳದಷ್ಟು ತೆಳ್ಳಗಿನ ಒಂದು ಕಪ್ಪು ತಗಡನ್ನು ಹೊತ್ತುಕೊಂಡು ಊರಿಗೆ ಬಂದಿದ್ದಳು. ಟೆಂಪೋದ ಮಾಳಿಗೆಗೆ ಆ ತಗಡು ಹೊದಿಸಿದರೆ ಸಾಕು, ಎಳೆಬಿಸಿಲನ್ನೂ ಇಂಜಿನ್ನಿನ ಕಾವನ್ನೂ ಹೀರಿಕೊಂಡು, ಕೆಳಗಿನ ತೊಟ್ಟಿಯ ಕ್ಷಾರದ ನೀರನ್ನು ಸೀಳಿ ಹೈಡ್ರೋಜನ್, ಆಕ್ಸಿಜನ್ ಎರಡನ್ನೂ ಬಿಡಿಸಿ ಕೊಡುತ್ತಿತ್ತು. ಆ ಗಾಳಿ ಕೊಳವೆಯಲ್ಲಿ ಹರಿದು ಇಂಜಿನ್ನಿಗೆ ಹೋಗಿ ಉರಿಯುವುದು. ಹಿಂದಿನಿಂದ ಬರುವುದು ಬರೀ ಹಬೆ. ದೊಡ್ಡ ಕಂಪನಿಗಳ ಹೈಡ್ರೋಜನ್ ಲಾರಿ ಇಂಡಿಯ ಬಡ ಚಾಲಕರ ಕೈಗೆ ಎಟುಕುವಂಥದ್ದಲ್ಲ. ಹಾಗಾಗಿ ಅವರೇ ಒಂದು ಸಂಘ ಕಟ್ಟಿಕೊಂಡು, ತಮ್ಮ ಹಳೆಯ ಗಾಡಿಗಳಿಗೆ ತಾವೇ ಸ್ಪ್ಯಾನರ್ ಹಿಡಿದು ಈ ತಗಡು ಕೂಡಿಸಿಕೊಂಡಿದ್ದರು. ಮೂರು ವರ್ಷದಿಂದ ಗಾಡಿಗಳು ಓಡುತ್ತಿದ್ದವು. ನೋಡಲು ಕಲಬುರ್ಗಿಯಿಂದ, ಬೀದರಿನಿಂದ ಜನ ಬರುತ್ತಿದ್ದರು.

ಆದರೆ ಈ ಗಾಳಿಗೆ ಒಂದು ಕೆಟ್ಟ ಚಾಳಿ. ಇಂಜಿನ್ ಒಮ್ಮೆ ಕೆಮ್ಮಿತೆಂದರೆ ಉರಿ ಮುಂದಕ್ಕೆ ಹೋಗುವ ಬದಲು ಕೊಳವೆ ಹಿಡಿದು ಹಿಂದಕ್ಕೆ ಓಡಿ ಬರುತ್ತದೆ. ಅದು ತೊಟ್ಟಿ ಮುಟ್ಟಿದರೆ ಗಾಡಿಯೂ ಇಲ್ಲ, ಗಾಡಿಯಲ್ಲಿದ್ದವರೂ ಇಲ್ಲ. ಅದಕ್ಕೇ ತೊಟ್ಟಿಗೂ ಇಂಜಿನ್ನಿಗೂ ನಡುವೆ, ಚಾಲಕನ ಸೀಟಿನ ಪಕ್ಕ, ದಪ್ಪ ಪ್ಲಾಸ್ಟಿಕ್ಕಿನ ಒಂದು ಭರಣಿ. ಅದರಲ್ಲಿ ನಾಲ್ಕು ಬೆರಳು ನೀರು. ಗಾಳಿ ತಳದಿಂದ ಬಂದು ನೀರಿನಲ್ಲಿ ಗುಳುಗುಳು ಗುಳ್ಳೆಯಾಗಿ ಮೇಲೆದ್ದು ಮುಂದೆ ಹೋಗಬೇಕು. ಹಿಂದೆ ಬಂದ ಉರಿ ಆ ನೀರಿಗೆ ಮುಖ ಕೊಟ್ಟು ಸತ್ತುಹೋಗುತ್ತದೆ. ತೊಟ್ಟಿಯಿಂದ ಗಾಳಿಯ ಜೊತೆ ಹಾರಿಬರುವ ಕ್ಷಾರವೂ ಅಲ್ಲೇ ತೊಳೆದುಹೋಗುತ್ತದೆ. ಇಂಜಿನಿಯರುಗಳು ಅದನ್ನು ಬಬ್ಲರ್ ಎಂದರು. ಚಾಲಕರ ಬಾಯಲ್ಲಿ ಅದು ಬುಡ್ಡಿಯಾಯಿತು.

ಬುಡ್ಡಿಯ ಉಸ್ತುವಾರಿ ಬೌರಮ್ಮನದು. ನಲವತ್ತರ ಮೇಲಿನ ಹೆಂಗಸು, ಶಾಲೆ ಬಿಟ್ಟದ್ದು ಏಳನೆಯ ಇಯತ್ತೆಗೆ. ಆದರೆ ಬುಡ್ಡಿಯ ವಿಷಯದಲ್ಲಿ ಅವಳ ಮಾತಿಗೆ ಫರ್ಜಾನಾ ಕೂಡ ಎದುರಾಡುತ್ತಿರಲಿಲ್ಲ. ಪ್ರತಿ ಗಾಡಿಯ ಬುಡ್ಡಿಯಿಂದ ಒಂದು ಹನಿ ನೀರು ತೆಗೆದು ಅಂಗೈ ಮೇಲಿನ ಅರಿಶಿನಕ್ಕೆ ಬಿಡುವಳು. ಅರಿಶಿನ ಹಳದಿಯಾಗಿಯೇ ಉಳಿದರೆ ಕಡಿಮೆಯಾದಷ್ಟು ನೀರು ತುಂಬುವಳು. ಕೆಂಪಗಾದರೆ ಕ್ಷಾರ ಕೂಡಿದೆ ಎಂದು ಲೆಕ್ಕ, ಎಲ್ಲ ಚೆಲ್ಲಿ, ತೊಳೆದು, ಹೊಸ ನೀರು. ಆತುರ ಮಾಡಿದವರಿಗೆ ಬೈಗುಳದ ಅಭಿಷೇಕವೂ ಪುಕ್ಕಟೆ ಸಿಗುತ್ತಿತ್ತು.

ಆ ವರ್ಷದ ಮೇ ತಿಂಗಳು ಮಾತ್ರ ಬೌರಮ್ಮನಿಗೂ ಸವಾಲಾಯಿತು. ಬೆಳಗ್ಗೆ ಏಳಕ್ಕೇ ಬಿಸಿಲು ಬೆನ್ನು ಸುಡುತ್ತಿತ್ತು. ಗುಳ್ಳೆ ಒಡೆದಾಗಲೆಲ್ಲ ಸಿಡಿಯುವ ತುಂತುರು ಗಾಳಿಯ ಜೊತೆ ಇಂಜಿನ್ನಿಗೆ ಹಾರಿಹೋಗಿ, ಇಪ್ಪತ್ತು ಕಿಲೋಮೀಟರು ಓಡುವುದರೊಳಗೆ ನಾಲ್ಕು ಬೆರಳು ನೀರು ಎರಡು ಬೆರಳಾಗುತ್ತಿತ್ತು. ಪ್ರತಿ ಸಲ ನಿಲ್ಲಿಸಿ, ಇಂಜಿನ್ ಆರುವವರೆಗೆ ಕಾದು, ಮುಚ್ಚಳ ತೆಗೆದು ನೀರು ಹಾಕಬೇಕು.

ಈ ಕಷ್ಟ ಎಲ್ಲರಿಗಿಂತ ಹೆಚ್ಚು ತಟ್ಟಿದ್ದು ಮಹಾನಂದಾಳಿಗೆ. ಅವಳು ಬೌರಮ್ಮನ ಸ್ವಂತ ತಂಗಿ. ಅಕ್ಕತಂಗಿಯರಿಬ್ಬರನ್ನೂ ಒಂದೇ ಮನೆಯ ಅಣ್ಣತಮ್ಮಂದಿರಿಗೆ ಕೊಟ್ಟಿತ್ತು, ಹಾಗಾಗಿ ಒಲೆಯೂ ಒಂದೇ, ಜಗಳವೂ ಒಂದೇ. ಮಹಾನಂದಾ ದಿನ ಬೆಳಗ್ಗೆ ಹನ್ನೊಂದು ಹೆಂಗಸರನ್ನು ಟೆಂಪೋದಲ್ಲಿ ಕೂಡಿಸಿಕೊಂಡು ಧೂಳಖೇಡ ದಾಟಿ, ಭೀಮಾ ನದಿಯ ಆಚೆಯ ಒಣದ್ರಾಕ್ಷಿ ಷೆಡ್ಡಿಗೆ ಬಿಟ್ಟುಬರುತ್ತಿದ್ದಳು.

“ಅಕ್ಕ, ದಾರ್‍ಯಾಗ ಎರಡೆರಡು ಸಲ ನಿಲ್ಲಸ್ಬೇಕಂದ್ರ ಹ್ಯಾಂಗ?” ಎಂದಳು ಅವಳು ಒಂದು ಸಂಜೆ, ಚಪ್ಪಲಿ ಕಳಚುವ ಮೊದಲೇ. “ಷೆಡ್ಡಿನ್ಯಾಗ ಎಂಟೂವರಿಗೆ ಹಾಜರಿ ಹಾಕ್ತಾರ. ಹತ್ತು ಮಿನಿಟ್ ತಡ ಆತಂತ ಇವತ್ತ ಹನ್ನೊಂದೂ ಮಂದೀನ ತಿರುಗಿ ಕಳಿಸ್ಯಾರ. ಇನ್ನೊಂದು ಸಲ ಹಿಂಗಾದ್ರ ಬರೂದೇ ಬ್ಯಾಡ ಅಂದಾರ.”

“ಅದಕ್ಕಂತ ಬತ್ತಿದ ಬುಡ್ಡಿ ಹೊತ್ಕೊಂಡು ಓಡಸ್ತೀಯೇನ?”

“ಓಡಸಲ್ಲ. ಅದಕ್ಕ ನಿನಗ ಹೇಳಾಕತ್ತೀನಿ. ಏನರ ಮಾಡು.”

ರಾತ್ರಿ ಊಟಕ್ಕೆ ಕೂತಾಗಲೂ ಬೌರಮ್ಮನ ತಲೆಯಲ್ಲಿ ಅದೇ ಮಾತು. ಆ ಹನ್ನೊಂದು ಜನರನ್ನೂ ಅವಳು ಬಲ್ಲಳು, ಅರ್ಧ ಜನ ಅದೇ ಓಣಿಯವರು. ಅವಳು ತಟ್ಟೆಯ ಮುಂದೆ ಸುಮ್ಮನೆ ಕೂತಿದ್ದಾಗ ಎದುರಿಗೆ ಅತ್ತೆ ನಿಂಬೆಹಣ್ಣಿನ ಉಪ್ಪಿನಕಾಯಿಯ ಭರಣಿಗೆ ಕಾಸಿ ಆರಿಸಿದ ಕುಸುಬಿ ಎಣ್ಣೆ ಹೊಯ್ಯುತ್ತಿದ್ದಳು. ಎಣ್ಣೆ ನಿಧಾನವಾಗಿ ಹರಡಿಕೊಂಡು ಮೇಲೆ ನಿಂತಿತು.

“ಮ್ಯಾಲ ಎರಡು ಬೆರಳು ಎಣ್ಣಿ ನಿಂತ್ರ ಮುಗೀತು, ಒಳಗಿನ ರಸ ಹೊರಗ ಹೋಗೂದಿಲ್ಲ, ಹೊರಗಿನ ಗಾಳಿ ಒಳಗ ಬರೂದಿಲ್ಲ,” ಎಂದಳು ಅತ್ತೆ. “ಆದ್ರ ನೀವು ಸೊಸಿಗೋಳು ದಿನಾ ಮುಚ್ಚಳ ತಗದು ಇಣುಕಿ ನೋಡಬ್ಯಾಡ್ರಿ. ಕೈ ತಾಗಿದ್ರ ಕೆಟ್ಟು ಹೋಗ್ತದ.”

ಬೌರಮ್ಮನಿಗೆ ಬುಡ್ಡಿ ನೆನಪಾಯಿತು. ಎಂಜಲು ಕೈಯಲ್ಲೇ ಎದ್ದು ನಿಂತಳು. “ಅತ್ತಿ, ಆ ಎಣ್ಣಿ ಚೆರಗಿ ಇತ್ತಾಗ ಕೊಡ್ರಿ,” ಎಂದವಳೇ ಕೈ ತೊಳೆದು, ಆ ತಂಬಿಗೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಮಿಲ್ಲಿನ ಕಡೆ ದಾಪುಗಾಲು ಹಾಕಿದಳು. ಹಿಂದಿನಿಂದ ಅತ್ತೆ ಕೂಗಿದ್ದು ಅವಳ ಕಿವಿಗೆ ಬೀಳಲೇ ಇಲ್ಲ.

ಫರ್ಜಾನಾಳ ಪ್ರಯೋಗಾಲಯ ಎಂದರೆ ಮಿಲ್ಲಿನ ಹಳೆಯ ತೂಕದ ಕೋಣೆ. ಒಂದು ಮೇಜಿನ ಮೇಲೆ ಎರಡು ಬುಡ್ಡಿ ಇಟ್ಟು, ಎರಡಕ್ಕೂ ಹೊಸ ನೀರು ತುಂಬಿ, ಒಂದರ ಮೇಲೆ ಮಾತ್ರ ಎಣ್ಣೆ ಹೊಯ್ದು, ಕೆಳಗೆ ಕಾವು ಕೊಟ್ಟು ಗಾಳಿ ಬಿಟ್ಟರು. ಮೂರು ತಾಸು ಇಬ್ಬರೂ ಅಲುಗಾಡಲಿಲ್ಲ. ಎಣ್ಣೆಯಿಲ್ಲದ ಬುಡ್ಡಿಯ ನೀರು ಎರಡು ಬೆರಳು ಇಳಿದಿತ್ತು. ಎಣ್ಣೆಯ ಬುಡ್ಡಿಯಲ್ಲಿ ಗುಳ್ಳೆಗಳು ಎಣ್ಣೆಯೊಳಗಿಂದ ಮೆಲ್ಲಗೆ ನುಸುಳಿ ಬರುತ್ತಿದ್ದವು, ತುಂತುರಿಲ್ಲ, ಸಿಡಿತವಿಲ್ಲ. ನೀರು ಗೆರೆಯಿಂದ ಕೂದಲೆಳೆಯಷ್ಟೂ ಕದಲಿರಲಿಲ್ಲ.

ಫರ್ಜಾನಾ ಕುರ್ಚಿಯಿಂದ ಜಿಗಿದೆದ್ದಳು. “ಬೌರಕ್ಕ, ನಾ ಎರಡು ವರ್ಷದಿಂದ ಈ ತುಂತುರು ತಡಿಯಾಕ ಒಂದು ಜಾಳಿಗಿ ಮಾಡ್ಬೇಕಂತ ತಲಿ ಕೆಡಿಸ್ಕೊಂಡೀನಿ. ನೀವು ಚೆರಗಿ ಎಣ್ಣಿಲೆ ಮುಗಿಸಿಬಿಟ್ರಿ.” ಆಮೇಲೆ ಸ್ವಲ್ಪ ತಡೆದು ಹೇಳಿದಳು, “ಆದ್ರ ಇದು ಮೂರು ತಾಸಿನ ಪರೀಕ್ಷಾ ಅಷ್ಟ. ಹದಿನೈದು ದಿವಸ ಇಲ್ಲೇ ನೋಡೂಣು.”

“ಹದಿನೈದು ದಿವಸ ಅಂದ್ರ ಅಷ್ಟೊತ್ತಿಗೆ ಆ ಹೆಣ್ಮಕ್ಕಳ ಕೆಲಸ ಹೋಗಿರ್ತದ ಮೇಡಂ. ನೀರು ನಿಂತದಲ್ಲ, ಕಣ್ಣಿಗೇ ಕಾಣಸ್ತದ. ಇನ್ನೇನು ನೋಡೂದದ?”

ಫರ್ಜಾನಾ ಇನ್ನೊಮ್ಮೆ ಬುಡ್ಡಿಯ ಕಡೆ ನೋಡಿದಳು. ಅವಳಿಗೂ ಖುಷಿ ತಡೆಯದಾಗಿತ್ತು. ಸರಿ ಎಂದಳು.

ಮರುದಿನ ಬೆಳಗ್ಗೆ ಬೌರಮ್ಮ ಮೂವತ್ತೆಂಟು ಬುಡ್ಡಿಗಳಿಗೂ ತಾನೇ ಎಣ್ಣೆ ಹೊಯ್ದಳು. ಅಂಗಳದ ನಡುವೆ ನಿಂತು ಚಾಲಕರಿಗೆಲ್ಲ ತಾಕೀತು ಮಾಡಿದಳು. “ಇದು ಉಪ್ಪಿನಕಾಯಿ ಭರಣಿ ಅಂತ ತಿಳೀರಿ. ಮುಚ್ಚಳ ತಗೀಬಾರ್ದು, ಕಲಕಬಾರ್ದು, ಕೈ ಹಾಕಬಾರ್ದು. ನಾನೂ ಹಾಕೂದಿಲ್ಲ. ನಾ ಹೇಳೀನಿ ಅಂತ ಓಡಸ್ರಿ.”

ಮುಚ್ಚಳ ತೆಗೆಯುವಂತಿಲ್ಲ ಎಂದ ಮೇಲೆ ಅರಿಶಿನದ ಪರೀಕ್ಷೆಯೂ ನಿಂತಿತು. ಅದರ ಕಡೆ ಯಾರ ಲಕ್ಷ್ಯವೂ ಹೋಗಲಿಲ್ಲ.

ಮಿಲ್ಲಿನ ಮಹಡಿಯ ಮೇಲೆ ಸಂಘದ ನಿಗಾ ಕೋಣೆ ಇತ್ತು. ಗೋಡೆಗೆ ಒಂದು ದೊಡ್ಡ ಪರದೆ, ಅದರಲ್ಲಿ ರಸ್ತೆಗಳ ನಕ್ಷೆ, ನಕ್ಷೆಯ ಮೇಲೆ ಮೂವತ್ತೆಂಟು ದೀಪದ ಚುಕ್ಕಿಗಳು. ಪ್ರತಿ ಬುಡ್ಡಿಯಲ್ಲೂ ಒಂದು ತೇಲುಗುಂಡು. ನೀರಿನ ಮಟ್ಟ ಇಳಿದರೆ ಗುಂಡು ಇಳಿಯುತ್ತದೆ, ಬುಡ್ಡಿಯ ಮೇಲಿನ ದೀಪವೂ ಪರದೆಯ ಚುಕ್ಕಿಯೂ ಕೆಂಪಾಗುತ್ತವೆ. ಮೇ ತಿಂಗಳ ಮಧ್ಯಾಹ್ನ ಅಂದರೆ ಪರದೆಯ ತುಂಬ ಕೆಂಪು ಚುಕ್ಕಿಗಳು, ಕೋಣೆಯ ತುಂಬ ಫೋನಿನ ಗಲಾಟೆ. ಅವತ್ತು ಮಧ್ಯಾಹ್ನ ಒಂದು ಗಂಟೆಗೆ ಬೌರಮ್ಮ, ಫರ್ಜಾನಾ ಪರದೆಯ ಮುಂದೆ ಉಸಿರು ಬಿಗಿಹಿಡಿದು ನಿಂತಿದ್ದರು. ಮೂವತ್ತೆಂಟೂ ಹಸಿರು.

ಸಂಜೆ ಸಾಯಬಣ್ಣ ಎಂಬ ಹಿರಿಯ ಚಾಲಕ ನಿಂಬೆಹಣ್ಣಿನ ಖಾಲಿ ಚೀಲಗಳ ಜೊತೆ ಸೊಲ್ಲಾಪುರದಿಂದ ಬಂದಿಳಿದು, ನೇರ ಬೌರಮ್ಮನ ಹತ್ತಿರ ಬಂದ. “ಹೋಗೂದು ಬರೂದು ಸೇರಿ ಒಂದ್ ಸಲಾನೂ ನಿಲ್ಲಸಲಿಲ್ಲಬೇ. ಬುಡ್ಡಿ ಕಡೆ ತಿರುಗೀನೂ ನೋಡಿಲ್ಲ,” ಎಂದು ಅವಳ ಕೈಗೆ ಒಂದು ಪೇಡೆಯ ಪೊಟ್ಟಣ ಇಟ್ಟ. ಬೌರಮ್ಮನಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಹತ್ತು ದಿನ ಊರಲ್ಲೆಲ್ಲ ಅದೇ ಮಾತು. ಷೆಡ್ಡಿನ ಹೆಂಗಸರು ಹತ್ತು ನಿಮಿಷ ಮೊದಲೇ ಹೋಗಿ ಹಾಜರಿಯ ಮುಂದೆ ಕೂರುತ್ತಿದ್ದರು. ಅತ್ತೆಯಂತೂ ಇದು ನನ್ನ ಉಪ್ಪಿನಕಾಯಿಯ ಪ್ರತಾಪ ಎಂದು ಓಣಿಯ ತುಂಬ ಹೇಳಿಕೊಂಡು ತಿರುಗಿದಳು.

ಹನ್ನೊಂದನೆಯ ದಿನ ಬೆಳಗ್ಗೆ ಗಾಡಿಗಳೆಲ್ಲ ಗೇಟು ದಾಟಿ ಮುಕ್ಕಾಲು ತಾಸಾಗಿತ್ತು. ಬೌರಮ್ಮ ಅಂಗಳ ಗುಡಿಸುತ್ತಿದ್ದಾಗ ಸಾಯಬಣ್ಣನ ಟೆಂಪೋ ಮೆಲ್ಲಗೆ ತಿರುಗಿ ಬಂತು.

“ಯಾಕೋ ಕೆಮ್ಮಾಕತ್ತದ ಅಕ್ಕ,” ಎಂದ ಅವನು ಇಳಿಯುತ್ತ. “ಬುಡ್ಡಿ ನೋಡಿದ್ರ ತುಂಬೇ ಅದ. ಅದರ ಮ್ಯಾಲಿನ ದೀಪಾನೂ ಹಸಿರದ. ಆದ್ರ ನನಗ್ಯಾಕೋ ಸರಿ ಅನ್ನಸ್ವಲ್ತು.”

ಬೌರಮ್ಮ ಹನ್ನೊಂದು ದಿನಗಳಲ್ಲಿ ಮೊದಲ ಸಲ ಬುಡ್ಡಿಯ ಮುಚ್ಚಳ ತಿರುಗಿಸಿದಳು. ಒಳಗೆ ಎಣ್ಣೆಯೇ ಇರಲಿಲ್ಲ. ಬಾಯಿಯವರೆಗೆ ಬೆಳ್ಳಗಿನ ನೊರೆ. ತೇಲುಗುಂಡು ಆ ಜಿಡ್ಡಿಗೆ ಅಂಟಿಕೊಂಡು ಮೇಲೆಯೇ ಕಚ್ಚಿಕೊಂಡಿತ್ತು. ಬೆರಳು ಹಾಕಿ ತಳ ಮುಟ್ಟಿದರೆ ನೀರು ಒಂದು ಬೆರಳೂ ಇಲ್ಲ. ಕೈ ಹೊರಗೆ ತೆಗೆದು ಬೆರಳುಗಳನ್ನು ಉಜ್ಜಿದಳು. ಜಾರಿದವು. ಇನ್ನೊಮ್ಮೆ ಉಜ್ಜಿದರೆ ಇನ್ನಷ್ಟು ನೊರೆ ಬಂತು. ಬಟ್ಟೆ ಒಗೆಯುವ ಹೆಂಗಸಿಗೆ ಅದು ಏನೆಂದು ಯಾರೂ ಹೇಳಿಕೊಡಬೇಕಿರಲಿಲ್ಲ.

“ಮೇಡಂ,” ಎಂದು ಕೂಗಿದಳು.

ಫರ್ಜಾನಾ ಓಡಿ ಬಂದು ನೋಡಿದಳು. “ಕ್ಷಾರ ಮತ್ತ ಎಣ್ಣಿ ಕೂಡಿ ಸಾಬೂನಾಗ್ಯಾದ,” ಎಂದಳು. “ನಾವು ಹೊಸ ನೀರಿಗೆ ಎಣ್ಣಿ ಹಾಕಿ ಮೂರು ತಾಸು ನೋಡಿದ್ವಿ. ಹತ್ತು ದಿವಸ ಕ್ಷಾರ ಕೂಡಿದ ನೀರಿಗೆ ಹಾಕಿ ನೋಡಲೇ ಇಲ್ಲ.”

ಅವಳು ಒಂದು ತಗಡಿನ ಬೋಗುಣಿಯಲ್ಲಿ ಹಿಡಿ ನೊರೆ ತೆಗೆದುಕೊಂಡು ಅಂಗಳದ ಮೂಲೆಗೆ ಹೋಗಿ ಇಟ್ಟಳು. ಎಲ್ಲರನ್ನೂ ಗೋಡೆಯ ಹಿಂದೆ ನಿಲ್ಲಿಸಿ, ಉದ್ದನೆಯ ಬಿದಿರಿನ ತುದಿಗೆ ಬೆಂಕಿ ಹಚ್ಚಿ ಚಾಚಿದಳು. ಢಂ ಎಂಬ ಸದ್ದಿಗೆ ತೂಕದ ಕೋಣೆಯ ಕಿಟಕಿಯ ಗಾಜು ಸೀಳಿತು. ಬೋಗುಣಿ ಎಲ್ಲಿ ಹಾರಿತೋ ತಿಳಿಯಲಿಲ್ಲ.

“ನೊರಿಯ ಒಂದೊಂದು ಗುಳ್ಳ್ಯಾಗೂ ಅದೇ ಗಾಳಿ ತುಂಬ್ಯಾದ,” ಎಂದಳು ಫರ್ಜಾನಾ, ಏದುಸಿರು ಬಿಡುತ್ತ. “ಉರಿ ಒಂದರಿಂದ ಒಂದಕ್ಕ ಜಿಗೀತ ಸೀದಾ ತೊಟ್ಟಿಗೆ ಹೋಗ್ತದ. ಈಗ ಬುಡ್ಡಿ ಇದ್ದೂ ಇಲ್ಲದಂಗ.”

ಮೂವತ್ತೇಳು ಗಾಡಿಗಳು ರಸ್ತೆಯ ಮೇಲಿದ್ದವು. ಮೂವರೂ ಮೆಟ್ಟಿಲು ಹತ್ತಿ ನಿಗಾ ಕೋಣೆಗೆ ಓಡಿದರು. ಪರದೆಯ ಮೇಲೆ ಎಲ್ಲ ಹಸಿರು. ತೇಲುಗುಂಡು ನೊರೆಗೆ ಕಚ್ಚಿಕೊಂಡ ಮೇಲೆ ಆ ಹಸಿರನ್ನು ನಂಬುವಂತಿರಲಿಲ್ಲ.

“ಗಾಡಿ ನಿಲ್ಲಸ್ರಿ ಅಂತ ಒದರಬ್ಯಾಡ್ರಿ,” ಎಂದು ಫರ್ಜಾನಾ ಎಚ್ಚರಿಸಿದಳು. “ಒಮ್ಮೆಲೇ ಆಕ್ಸಿಲರೇಟರ್ ಮ್ಯಾಲಿನ ಕಾಲು ತಗದ್ರ ಇಂಜಿನ್ ಕೆಮ್ಮತದ, ಉರಿ ತಿರಗೂದೇ ಆವಾಗ. ಕಾಲು ಇದ್ದಂಗೇ ಇರ್ಲಿ. ಮೊದಲು ಸೀಟಿನ ಕೆಳಗಿನ ಗಾಳಿ ನಳ ಬಂದ್ ಮಾಡ್ಲಿ. ಇಂಜಿನ್ ತಾನೇ ಹಸಿದು ಸಾಯ್ತದ. ಆಮ್ಯಾಲ ಬ್ರೇಕು.”

ಮೂರು ಫೋನು, ಮೂರು ಬಾಯಿ. ಕಾಲು ತೆಗೆಯಬೇಡ, ನಳ ಮುಚ್ಚು, ಇಳಿದು ದೂರ ನಿಲ್ಲು. ಅದೇ ಮಾತು, ಮತ್ತೆ ಅದೇ ಮಾತು. ಒಂದೊಂದು ಗಾಡಿ ನಿಂತಾಗಲೂ ಪರದೆಯ ಒಂದು ಚುಕ್ಕಿ ಆರುತ್ತಿತ್ತು. ತಾಂಬಾ ರಸ್ತೆಯದು ಆರಿತು. ಝಳಕಿಯ ಹತ್ತಿರ ನಾಲ್ಕು ಒಟ್ಟಿಗೆ ಆರಿದವು. ಹನ್ನೆರಡು ನಿಮಿಷಗಳಲ್ಲಿ ಮೂವತ್ತಾರು ಆರಿದವು.

ಉಳಿದದ್ದು ಒಂದೇ ಒಂದು ಹಸಿರು ಚುಕ್ಕಿ. ಧೂಳಖೇಡ ದಾಟಿ ಭೀಮಾ ನದಿಯ ಕಡೆ ಸಾಗುತ್ತಿತ್ತು. ಮಹಾನಂದಾಳದು.

ಅವಳ ಫೋನು ರಿಂಗಾಗುತ್ತಲೇ ಇತ್ತು, ಎತ್ತುವವರಿಲ್ಲ. ಗಾಡಿ ಹೊಡೆಯುವಾಗ ಮಹಾನಂದಾ ಫೋನನ್ನು ಕೈಚೀಲದಲ್ಲಿ ಹಾಕಿ ಸೀಟಿನ ಹಿಂದೆ ಎಸೆದುಬಿಡುತ್ತಿದ್ದಳು. ಸಾಯಬಣ್ಣ ಪರದೆಯ ಮೇಲೆ ಬೆರಳಿಟ್ಟ. “ಇಲ್ಲಿಂದ ಎರಡು ಕಿಲೋಮೀಟರ್ ಸಪಾಟದ. ಆಮ್ಯಾಲ ಸೇತುವಿಗೆ ಇಳಕಲು. ಇಳಕಲಿನ್ಯಾಗ ಯಾರಾದ್ರೂ ಕಾಲು ತಗದೇ ತಗೀತಾರ.”

ಬೌರಮ್ಮ ಪರದೆಗೆ ಇನ್ನಷ್ಟು ಹತ್ತಿರ ಸರಿದಳು. ಅಲ್ಲಿ ಇದ್ದದ್ದು ತಂಗಿ ಒಬ್ಬಳೇ ಅಲ್ಲ, ಹನ್ನೆರಡು ಜೀವ. ತಾನೇ ಕೈಯಾರೆ ಎಣ್ಣೆ ಹೊಯ್ದ ಬುಡ್ಡಿ ಅವರ ಕಾಲ ಬುಡದಲ್ಲಿತ್ತು. ಒಂದು ಗಳಿಗೆ ತಲೆ ಖಾಲಿಯಾಯಿತು. ಆಮೇಲೆ ಹಿಂದೆ ಕೂತ ಹೆಂಗಸರು ನೆನಪಾದರು. ಎದುರು ಮನೆಯ ಕಸ್ತೂರಿಬಾಯಿಯ ಫೋನು ಯಾವಾಗಲೂ ಅವಳ ಕೈಯಲ್ಲೇ ಇರುತ್ತದೆ.

ಎರಡನೆಯ ರಿಂಗಿಗೇ ಕಸ್ತೂರಿಬಾಯಿ ಎತ್ತಿದಳು. ಹಿಂದೆ ಹೆಂಗಸರ ನಗು ಕೇಳುತ್ತಿತ್ತು. “ಏನಬೇ ಬೌರಕ್ಕ, ಇಷ್ಟು ಮುಂಜಾನೆ?”

“ಕಸ್ತೂರಿ, ನಾ ಹೇಳೂದು ಸುಮ್ನ ಕೇಳು. ನಮ್ಮ ನಂದಾಗ ಒಂದು ಮಾತು ಹೇಳ್ಬೇಕು.”

“ತಡಿ, ತಗಡು ಬಡಿದು ನಿಲ್ಲಸ್ತೀನಿ.”

“ತಗಡು ಬಡೀಬ್ಯಾಡ.”

ಆ ಟೆಂಪೋದಲ್ಲಿ ಇಳಿಯುವವರು ಹಿಂದಿನಿಂದ ಕ್ಯಾಬಿನ್ನಿನ ತಗಡಿಗೆ ಬಡಿಯುವುದು ರೂಢಿ. ಬಡಿದ ಸದ್ದಿಗೆ ಮಹಾನಂದಾಳ ಕಾಲು ತಾನೇ ಮೇಲೇಳುತ್ತದೆ, ಮೂರು ವರ್ಷದ ಅಭ್ಯಾಸ ಅದು. “ಯಾರೂ ತಗಡಿಗೆ ಕೈ ಹಚ್ಚಬ್ಯಾಡ್ರಿ, ಯಾರೂ ಕೂಗಬ್ಯಾಡ್ರಿ. ಕ್ಯಾಬಿನ್ನಿಗೆ ಒಂದು ಕಿಂಡಿ ಅದಲ್ಲ, ಅದರಾಗಿಂದ ಫೋನು ಒಳಗ ಚಾಚು. ಸ್ಪೀಕರ್ ಹಚ್ಚು. ನನ್ನ ದನಿ ಆಕಿ ಕಿವಿಗೆ ಬೀಳ್ಬೇಕು ಅಷ್ಟ.”

ಕಸ್ತೂರಿಬಾಯಿ ಏನು ಎತ್ತ ಎಂದು ಕೇಳಲಿಲ್ಲ. ನಗು ನಿಂತಿತು. ಯಾರೋ ಸರಿದು ಜಾಗ ಬಿಟ್ಟ ಸದ್ದು, ಬಳೆಗಳ ಸದ್ದು, ಆಮೇಲೆ ಇಂಜಿನ್ನಿನ ಗುರ್ ಎಂಬ ಸದ್ದು ಜೋರಾಯಿತು.

“ನಂದಾ, ನಾನು. ಕಾಲು ತಗೀಬ್ಯಾಡ.”

“ಅಕ್ಕ? ಏನಾತು?”

“ಆಮ್ಯಾಲ ಹೇಳ್ತೀನಿ. ಕಾಲು ಹೆಂಗದನೋ ಹಂಗೇ ಇಡು. ಎಡಗೈ ಕೆಳಗ ಬಿಡು, ಗಾಳಿ ನಳ ತಿರುವು. ಪೂರಾ.”

“ಇಳಕಲು ಬಂತಲ್ಲ ಅಕ್ಕ, ಗಾಡಿ ಜೋರು ಆಗ್ತದ.”

“ಆಗ್ಲಿ. ಕಾಲು ತಗೀಬ್ಯಾಡ. ನಳ ತಿರುವು ನನ್ನವ್ವ.”

ಫೋನಿನಲ್ಲಿ ಇಂಜಿನ್ನಿನ ಸದ್ದು ಏರಿತು. ಹಿಂದೆ ಯಾರೋ ದೇವರ ಹೆಸರು ಹೇಳುತ್ತಿದ್ದರು. ಫರ್ಜಾನಾ ಬೌರಮ್ಮನ ರಟ್ಟೆ ಹಿಡಿದುಕೊಂಡಿದ್ದಳು, ಉಗುರು ನಾಟಿದ್ದು ಇಬ್ಬರಿಗೂ ತಿಳಿಯಲಿಲ್ಲ. ಸದ್ದು ಒಮ್ಮೆ ತೊದಲಿತು, ಇನ್ನೊಮ್ಮೆ ತೊದಲಿತು, ನಿಂತುಹೋಯಿತು. ಗಾಳಿಯ ಸೊಂಯ್ ಸದ್ದೊಂದೇ ಉಳಿಯಿತು. ಆಮೇಲೆ ಬ್ರೇಕಿನ ಕೀರಲು. ಪರದೆಯ ಕೊನೆಯ ಚುಕ್ಕಿ ಆರಿತು.

“ನಿಂತೀವಿ,” ಎಂದಳು ಮಹಾನಂದಾ.

“ಎಲ್ಲಾರೂ ಇಳದು ದೂರ ಹೋಗ್ರಿ,” ಎಂದಷ್ಟೇ ಹೇಳಿ ಬೌರಮ್ಮ ನೆಲದ ಮೇಲೆ ಕೂತುಬಿಟ್ಟಳು. ಅಳು ಒತ್ತರಿಸಿ ಬಂತು. ತಡೆಯಲೂ ಇಲ್ಲ.

ಅವತ್ತು ರಾತ್ರಿ ಅತ್ತೆ ಎಲ್ಲರಿಗೂ ಬಡಿಸಿ ತಾನು ಉಣ್ಣದೆ ಎದ್ದಳು. ಮಹಾನಂದಾ ಅಕ್ಕನ ಪಕ್ಕದಲ್ಲೇ ಕೂತಿದ್ದರೂ ಮುಖ ಎತ್ತಲಿಲ್ಲ. ಕೊನೆಗೆ ಕೈ ತೊಳೆಯಲು ಹೋದಾಗ ಹೇಳಿದಳು, “ನಿನ್ನ ಮ್ಯಾಲ ಸಿಟ್ಟಿಲ್ಲ ಅಂದ್ರ ಸುಳ್ಳಾಗ್ತದ ಅಕ್ಕ.”

“ಇರ್ಲಿ,” ಎಂದಳು ಬೌರಮ್ಮ. “ನನಗೂ ನನ್ನ ಮ್ಯಾಲ ಅದ.”

ಮರುದಿನ ಬೆಳಗ್ಗೆ ಮಿಲ್ಲಿನ ಅಂಗಳದಲ್ಲಿ ಸಂಘದ ಸಭೆ. ಗಾಡಿಗಳೆಲ್ಲ ರಸ್ತೆಯಿಂದ ಎಳೆಸಿಕೊಂಡು ಬಂದು ನಿಂತಿದ್ದವು. ಬೌರಮ್ಮ ಎದ್ದು ನಿಂತು, ಸುತ್ತಿ ಬಳಸದೆ ಹೇಳಿದಳು. ಎಣ್ಣೆ ಹಾಕಿದ್ದು ತಾನು. ಹದಿನೈದು ದಿನ ನೋಡೋಣ ಎಂದ ಮೇಡಂ ಮಾತು ಕೇಳದಿದ್ದದ್ದು ತಾನು. ಮುಚ್ಚಳ ತೆಗೆಯಬೇಡಿ ಎಂದು ಎಲ್ಲರ ಕಣ್ಣು ಕಟ್ಟಿದ್ದೂ ತಾನು. ಇನ್ನು ಬುಡ್ಡಿಯ ಉಸ್ತುವಾರಿ ತನಗೆ ಬೇಡ ಎಂದು, ಬುಡ್ಡಿಗೆ ತುಂಬುವ ನೀರು ಇಡುವ ಕೋಣೆಯ ಕೀಲಿಕೈಯನ್ನು ಮೇಜಿನ ಮೇಲಿಟ್ಟಳು. “ಒಪ್ಪಿಕೊಂಡಾಕಿ ನಾನು,” ಎಂದು ಫರ್ಜಾನಾ ಎದ್ದಳು, “ಅದರಾಗ ಅರ್ಧ ತಪ್ಪು ನಂದು.”

ಆಗ ಹಿಂದಿನಿಂದ ಮಹಾನಂದಾ ಎದ್ದು ಬಂದಳು. ಕೀಲಿಕೈ ತೆಗೆದು ಅಕ್ಕನ ಕೈಯಲ್ಲಿ ಹಾಕಿ, ಸಭೆಯ ಕಡೆ ತಿರುಗಿದಳು.

“ಈಕೀನ ಕೆಲಸಾ ಬಿಡಿಸಿ ಕೂಡಿಸಿದ್ರ ನಾಳಿ ಯಾರಿಗೂ ಹೊಸಾದೇನೂ ಹೊಳಿಯೂದಿಲ್ಲ. ಹೊಳದ್ರೂ ಬಾಯಿ ಬಿಡೂದಿಲ್ಲ. ಆದ್ರ ಒಂದು ಕಾನೂನು ಬರೀರಿ. ಯಾರಿಗೆ ಹೊಸಾ ಉಪಾಯ ಹೊಳೀತದೋ ಅವರು ಮೊದಲ ತಿಂಗಳು ಆ ಗಾಡ್ಯಾಗೇ ಕುಂದ್ರಬೇಕು. ಬುಡ್ಡಿ ಮಗ್ಗಲ ಸೀಟಿನ್ಯಾಗ.”

ಸಾಯಬಣ್ಣ ಮೊದಲು ಕೈ ಎತ್ತಿದ. ಆಮೇಲೆ ಎಲ್ಲರೂ ಎತ್ತಿದರು. ಬೌರಮ್ಮನೂ ಎತ್ತಿದಳು.

ಅವತ್ತಿನಿಂದಲೇ ತೂಕದ ಕೋಣೆಯಲ್ಲಿ ಮತ್ತೆ ಕೆಲಸ ಸುರುವಾಯಿತು. ಈ ಸಲ ಎಣ್ಣೆಯ ಮಾತಿಲ್ಲ. ಒಂದು ಬುಡ್ಡಿಯ ತಲೆಯ ಮೇಲೆ ಇನ್ನೊಂದು ಖಾಲಿ ಬುಡ್ಡಿ, ಅದಕ್ಕೆ ಒದ್ದೆ ಗೋಣಿತಟ್ಟಿನ ಸುತ್ತು. ಹಾರಿದ ತುಂತುರು, ಎದ್ದ ಹಬೆ ಎರಡೂ ಮೇಲಿನ ತಂಪು ಬುಡ್ಡಿಗೆ ತಾಗಿ ಹನಿಯಾಗಿ ಕೆಳಗೇ ಇಳಿಯಬೇಕು. ಇಪ್ಪತ್ತು ದಿನ ಹಳೆಯ ಕ್ಷಾರದ ನೀರಿನಲ್ಲೇ ಓಡಿಸಿದರು. ಬೇಕೆಂದೇ ಉರಿ ಹಿಂದಕ್ಕೆ ಹೊಡೆಸಿ ನೋಡಿದರು, ಅರವತ್ತು ಸಲ. ಅಷ್ಟೂ ಸಲ ಉರಿ ನೀರಿನಲ್ಲಿ ಸತ್ತಿತು. ಅಷ್ಟು ದಿನ ಷೆಡ್ಡಿನ ಹಾಜರಿ ತಪ್ಪಬಾರದೆಂದು ಮಹಾನಂದಾ ನಸುಕಿಗೇ ಎದ್ದು, ಎರಡು ಸಲ ನಿಲ್ಲಿಸಿ ನೀರು ಹಾಕಿಕೊಳ್ಳುತ್ತ ಹೋಗುತ್ತಿದ್ದಳು. ಹೆಂಗಸರೂ ಗೊಣಗದೆ ಅಷ್ಟು ಬೇಗ ಬಂದು ನಿಲ್ಲುತ್ತಿದ್ದರು.

ಜೋಡು ಬುಡ್ಡಿಯ ಮೊದಲ ಗಾಡಿ ಹೊರಡುವ ದಿನ ಬಂತು. ಬೌರಮ್ಮ ಅರಿಶಿನದ ಪರೀಕ್ಷೆ ಮಾಡಿ, ನಾಲ್ಕು ಬೆರಳು ನೀರು ತುಂಬಿ, ಸೆರಗು ಸಿಕ್ಕಿಸಿಕೊಂಡು ತಂಗಿಯ ಪಕ್ಕದ ಸೀಟು ಹತ್ತಿದಳು. ಮೂರು ವರ್ಷದಲ್ಲಿ ಸಾವಿರಾರು ಸಲ ಬುಡ್ಡಿ ತುಂಬಿದವಳು ಒಂದು ದಿನವೂ ಈ ಗಾಡಿಗಳಲ್ಲಿ ಕೂತಿರಲಿಲ್ಲ. ಅದು ಅವಳಿಗೆ ಹೊಳೆದದ್ದೂ ಆವತ್ತೇ.

ಝಳಕಿ ಹೋಯಿತು, ಧೂಳಖೇಡ ಹೋಯಿತು. ಒಂದು ಕಡೆಯೂ ನಿಲ್ಲಿಸಲಿಲ್ಲ. ಮೇಲಿನ ಬುಡ್ಡಿಯ ಗೋಡೆಯಲ್ಲಿ ಹನಿಗಳು ಕೂಡಿ ಇಳಿಯುವುದನ್ನು ನೋಡುತ್ತ ಬೌರಮ್ಮನಿಗೆ ಖುಷಿಯೋ ಖುಷಿ. ಗೆರೆ ಇದ್ದಲ್ಲೇ ಇತ್ತು. ಹಿಂದೆ ಕಸ್ತೂರಿಬಾಯಿ ಏನೋ ಚಾಷ್ಟಿ ಮಾಡಿ ಎಲ್ಲರನ್ನೂ ನಗಿಸುತ್ತಿದ್ದಳು.

ಭೀಮಾ ನದಿಯ ಇಳಿಜಾರು ಬಂತು. ಮಹಾನಂದಾ ಕಾಲು ತೆಗೆದಳು. ಫಟ್ ಎಂದು ಒಂದು ಸದ್ದು. ಬುಡ್ಡಿ ಮೊಣಕಾಲಿನ ಪಕ್ಕ ಒಮ್ಮೆ ಜಿಗಿದು, ನೀರು ಗುಳುಕ್ ಎಂದು ಉಬ್ಬಿ, ಮತ್ತೆ ತಣ್ಣಗೆ ಗುಳ್ಳೆ ಬಿಡತೊಡಗಿತು. ಬೌರಮ್ಮ ಎರಡೂ ಕೈಯಿಂದ ಸೀಟು ಹಿಡಿದುಕೊಂಡಿದ್ದಳು.

“ಹೆದರಿದೇನ?” ಎಂದಳು ಮಹಾನಂದಾ, ರಸ್ತೆಯ ಮೇಲಿನ ಕಣ್ಣು ತೆಗೆಯದೆ.

“ಹೆದರಿದೆ.”

“ಈ ಇಳಕಲಿಗೆ ಬಂದಾಗೊಮ್ಮೆ ಹಿಂಗ ಫಟ್ ಅಂತದ. ದಿನಾ. ಮೂರು ವರ್ಷಾತು.”

ಬೌರಮ್ಮ ತಂಗಿಯ ಮುಖ ನೋಡಿದಳು. ಆ ದಿನ ಇದೇ ಇಳಿಜಾರಿನಲ್ಲಿ ನೊರೆ ತುಂಬಿದ ಬುಡ್ಡಿ ಇತ್ತು. “ಒಂದ್ ದಿನಾನೂ ನನಗ ಹೇಳಿಲ್ಲಲ್ಲ ನೀನು.”

“ಯಾಕ ಹೇಳ್ಲಿ. ನೀ ತುಂಬಿದ ನೀರು ಅದ ಅಂತ ಗೊತ್ತಿರ್ತಿತ್ತು.”

ಬೌರಮ್ಮ ಸೀಟು ಬಿಟ್ಟು ಬುಡ್ಡಿಯ ಮೇಲೆ ಕೈ ಇಟ್ಟಳು. ಸೇತುವೆ ಪೂರ್ತಿ ದಾಟುವವರೆಗೂ ಆ ಕೈ ತೆಗೆಯಲಿಲ್ಲ.